ಹಳೆಯ ಲಾರಿಗೆ ಪವರ್ ಸ್ಟೀರಿಂಗ್: ಪಂಪ್ ತರುವ ಮುಂಚೆ ಜಾಕ್ ಎತ್ತಿ ನೋಡಿ

ಪ್ರಶ್ನೆ: ನನ್ನ ಬಳಿ ನಲವತ್ತು ವರ್ಷಕ್ಕೂ ಹಳೆಯದಾದ ಆರು ಗಾಲಿಯ ಭಾರಿ ಲಾರಿ ಇದೆ. ಎಂಜಿನ್, ಗೇರ್‌ಬಾಕ್ಸ್ ಇನ್ನೂ ಗಟ್ಟಿಯಾಗಿವೆ. ತೊಂದರೆ ಇರುವುದು ಸ್ಟೀರಿಂಗಿನಲ್ಲಿ. ಓಡುವಾಗ ಪರವಾಗಿಲ್ಲ, ಆದರೆ ಇಕ್ಕಟ್ಟಿನ ಜಾಗದಲ್ಲಿ ತಿರುಗಿಸಬೇಕೆಂದರೆ ಸೀಟಿನಿಂದ ಅರ್ಧ ಎದ್ದು ಎಳೆಯಬೇಕು. ಹೋದ ವರ್ಷ ನನಗೆ ಭುಜದ ಆಪರೇಷನ್ ಆಗಿದೆ. ಮೊದಲು ಇಷ್ಟು ಬಿಗಿ ಇರಲಿಲ್ಲ ಅನಿಸುತ್ತದೆ. ಎರಡು ವರ್ಷದ ಹಿಂದೆ 9.00-20 ಟೈರ್ ತೆಗೆದು 10.00-20 ರೇಡಿಯಲ್ ಹಾಕಿಸಿದೆ, ಮುಂದಿನ ಬಂಪರಿಗೆ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಕೂಡ ಕೂರಿಸಿದೆ. ಈಗ ಪವರ್ ಸ್ಟೀರಿಂಗ್ ಬೇಕು. ಒಬ್ಬ ಮೆಕ್ಯಾನಿಕ್ ಕಾರಿನ ಪಂಪ್ ಸಾಕು ಅನ್ನುತ್ತಾರೆ. ಇನ್ನೊಬ್ಬರು ಸ್ಟೀರಿಂಗ್ ಕಾಲಮ್ಮಿಗೆ ಎಲೆಕ್ಟ್ರಿಕ್ ಮೋಟಾರ್ ಹಾಕೋಣ ಅನ್ನುತ್ತಾರೆ. ಮೂರನೆಯವರು ಟ್ರ್ಯಾಕ್ಟರಿನ ಹೈಡ್ರಾಲಿಕ್ ಸ್ಟೀರಿಂಗ್ ಕೂರಿಸುತ್ತಾರಂತೆ. ಗೆಳೆಯನೊಬ್ಬ ಹೆದರಿಸುತ್ತಿದ್ದಾನೆ: ಎಂಜಿನ್ ಆಫ್ ಆದರೆ ಸ್ಟೀರಿಂಗೇ ಹೋಗುತ್ತದೆ ಅಂತ. ಯಾರ ಮಾತು ಕೇಳಲಿ? ಪವರ್ ಬಂದ ಮೇಲೆ ಚಿಕ್ಕ ಸ್ಟೀರಿಂಗ್ ವೀಲ್ ಹಾಕಬಹುದಾ?

ಉತ್ತರ: ನಿಮ್ಮ ಪತ್ರದ ಮುಖ್ಯವಾದ ಮಾತನ್ನು ನೀವು ಸುಮ್ನೆ ಹಾಗೇ ಹೇಳಿ ದಾಟಿಬಿಟ್ಟಿದ್ದೀರಿ. ಮೊದಲು ಇಷ್ಟು ಬಿಗಿ ಇರಲಿಲ್ಲ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡಬೇಕು. ಲಾರಿಯಲ್ಲಿ ಏನೋ ಬದಲಾಗಿದೆ. ಅದೇನು ಅಂತ ತಿಳಿಯದೆ ಪವರ್ ಸ್ಟೀರಿಂಗ್ ಕೂರಿಸಿದರೆ, ಒಣಗಿ ಹಿಡಿದುಕೊಂಡ ಕಿಂಗ್ ಪಿನ್ನನ್ನು (ಮುಂದಿನ ಚಕ್ರ ಪಕ್ಕಕ್ಕೆ ತಿರುಗುವ ಕೀಲಿನ ಕಂಬಿ) ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದ, ಬಲದಿಂದ ತಿರುಗಿಸಿದ ಹಾಗಾಗುತ್ತದೆ. ತಿರುಗುತ್ತದೆ, ಸುಳ್ಳಲ್ಲ. ಆದರೆ ಕೈಗೆ ಸಿಗುತ್ತಿದ್ದ ಎಚ್ಚರಿಕೆ ಇನ್ನು ಸಿಗುವುದಿಲ್ಲ. ಸವೆತ ಒಳಗೊಳಗೇ ನಡೆಯುತ್ತದೆ.

ಚಿಕ್ಕ ಉತ್ತರ ಬೇಕಾದರೆ ಇಲ್ಲಿದೆ. ಹಳೆಯ ಭಾರಿ ಲಾರಿಗೆ ಪವರ್ ಸ್ಟೀರಿಂಗ್ ಹಾಕಬಹುದು, ಚೆನ್ನಾಗಿ ಕೆಲಸವೂ ಮಾಡುತ್ತದೆ. ನಿಮಗೆ ಸಿಕ್ಕಿರುವ ಮೂರು ಸಲಹೆಗಳನ್ನು ಮಾತ್ರ ನಾನು ಒಪ್ಪುವುದಿಲ್ಲ. ಗೆಳೆಯ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಆ ಅರ್ಧ ಮಾತ್ರ ಗಂಭೀರವಾದದ್ದು, ಅದಕ್ಕೆ ಆಮೇಲೆ ಬರುತ್ತೇನೆ.

ಬಿಗಿ ಎಲ್ಲಿಂದ ಬಂತು?

ನಿಂತ ಲಾರಿಯ ಚಕ್ರ ತಿರುಗಿಸುವಾಗ ಟೈರ್ ಉರುಳುವುದಿಲ್ಲ, ನಿಂತಲ್ಲೇ ನೆಲಕ್ಕೆ ಉಜ್ಜುತ್ತದೆ. ಇದಕ್ಕೆ ಎಷ್ಟು ಬಲ ಬೇಕು ಅಂತ ಅಂದಾಜು ಮಾಡಲು ಎಂಜಿನಿಯರುಗಳ ಹತ್ತಿರ ಒಂದು ಸೂತ್ರ ಇದೆ. ಅದರ ಪ್ರಕಾರ ಟೈರಿನ ಮೇಲೆ ಭಾರ ಹೆಚ್ಚಿದಾಗ ಬಿಗಿ ಅದಕ್ಕಿಂತ ಜಾಸ್ತಿ ವೇಗದಲ್ಲಿ ಏರುತ್ತದೆ. ಗಾಳಿ ಇಳಿದರೂ ಏರುತ್ತದೆ. ಒಂದು ಉದಾಹರಣೆ ನೋಡಿ. ಮುಂದಿನ ಆಕ್ಸಲ್ ಮೇಲೆ 4.2 ಟನ್ ಇದ್ದದ್ದು 4.6 ಟನ್ ಆಯಿತು ಅಂತಿಟ್ಟುಕೊಳ್ಳಿ. ಭಾರ ಶೇಕಡಾ 10ರಷ್ಟೂ ಏರಲಿಲ್ಲ, ಆದರೆ ಬಿಗಿ ಸುಮಾರು ಶೇಕಡಾ 15 ಏರಿತು. 7 ಬಾರ್ ಇರಬೇಕಾದ ಗಾಳಿ 5 ಬಾರ್ ಇದ್ದರೆ ಅದರ ಮೇಲೆ ಇನ್ನೊಂದು ಶೇಕಡಾ 18. ಎರಡೂ ಸೇರಿದರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಲಾರಿಯಲ್ಲಿ ಯಾವ ಭಾಗವೂ ಕೆಟ್ಟಿರಬೇಕಾಗಿಲ್ಲ!

ಈಗ ನಿಮ್ಮ ಲಾರಿಗೆ ಬನ್ನಿ. ವಿಂಚ್ ಕೂತಿರುವುದು ಆಕ್ಸಲ್‌ಗಿಂತ ಮುಂದೆ. ಹಾಗಾಗಿ ಅದು ತನ್ನ ತೂಕಕ್ಕಿಂತ ಹೆಚ್ಚು ಭಾರವನ್ನೇ ಮುಂದಿನ ಆಕ್ಸಲ್ ಮೇಲೆ ಹೇರುತ್ತದೆ, ಹಿಂದಿನ ಆಕ್ಸಲ್ ಅಷ್ಟು ಹಗುರವಾಗುತ್ತದೆ. ರೇಡಿಯಲ್ ಟೈರಿನ ಪಕ್ಕೆ ಮೆದು, ನೆಲದ ಮೇಲೆ ಚೆನ್ನಾಗಿ ಹರಡಿ ಕೂರುತ್ತದೆ. ಓಡುವಾಗ ಅದು ಒಳ್ಳೆಯದೇ, ನಿಂತಲ್ಲಿ ತಿರುಗಿಸುವಾಗ ಮಾತ್ರ ಕೈಗೆ ಭಾರ. ಅಳತೆಯೂ ದೊಡ್ಡದಾಗಿದೆ. ಟೈರ್ ಜೊತೆ ರಿಮ್ಮನ್ನೂ ಬದಲಿಸಿದ್ದರೆ ಚಕ್ರ ಹೊರಕ್ಕೆ ಸರಿದಿರಬಹುದು. ಕಿಂಗ್ ಪಿನ್ನಿನ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುಭಾಗಕ್ಕೂ ನಡುವಿನ ದೂರ ಆಗ ಹೆಚ್ಚುತ್ತದೆ. ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈಗೆ ಒದೆಯುವುದು ಜಾಸ್ತಿಯಾಗಿದ್ದರೆ ಈ ಅನುಮಾನ ಬಲವಾಗುತ್ತದೆ.

ಟೈರಿನ ಗಾಳಿಯನ್ನು ಹಳೆಯ ಟೈರಿಗಿದ್ದ ಲೆಕ್ಕದಲ್ಲೇ ಹಾಕುತ್ತಿದ್ದೀರಾ? ಬಹಳ ಜನ ಹಾಗೇ ಮಾಡುತ್ತಾರೆ. ಮುಂದಿನ ಆಕ್ಸಲನ್ನು ವೇ ಬ್ರಿಡ್ಜ್ ಮೇಲೆ ಬೇರೆಯಾಗಿ ತೂಗಿಸಿ. ಆ ತೂಕಕ್ಕೆ ಎಷ್ಟು ಗಾಳಿ ಬೇಕು ಅಂತ ಟೈರ್ ಕಂಪನಿಯ ಪಟ್ಟಿಯಲ್ಲಿ ನೋಡಿ ಹಾಕಿಸಿ. ಈ ತೂಕ ಮುಂದೆ ಪಂಪ್, ಸಿಲಿಂಡರ್ ಆರಿಸುವಾಗಲೂ ಬೇಕಾಗುತ್ತದೆ.

ಆಮೇಲೆ ಜಾಕ್. ಎರಡೂ ಮುಂದಿನ ಚಕ್ರ ನೆಲ ಬಿಡುವಷ್ಟು ಎತ್ತಿ, ಆಕ್ಸಲ್ ಕೆಳಗೆ ಗಟ್ಟಿಯಾದ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಈಗ ಸ್ಟೀರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಬೆರಳಲ್ಲಿ ತಿರುಗುವಷ್ಟು ಸಲೀಸಾಗಿರಬೇಕು. ಹಾಗಿದ್ದರೆ ಬಿಗಿ ಬರುತ್ತಿರುವುದು ಟೈರ್ ಮತ್ತು ಭಾರದಿಂದ. ಚಕ್ರ ಗಾಳಿಯಲ್ಲಿದ್ದರೂ ಬಿಗಿ ಅನಿಸಿದರೆ ಡ್ರ್ಯಾಗ್ ಲಿಂಕ್, ಅಂದರೆ ಸ್ಟೀರಿಂಗ್ ಬಾಕ್ಸಿನಿಂದ (ಕಾಲಮ್ಮಿನ ತುದಿಯ ಗೇರ್ ಪೆಟ್ಟಿಗೆ) ಆಕ್ಸಲಿಗೆ ಹೋಗುವ ಸರಳನ್ನು ಬಿಚ್ಚಿ ಮತ್ತೆ ನೋಡಿ. ಸ್ಟೀರಿಂಗ್ ಹಗುರವಾಯಿತು, ಚಕ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಬಿಗಿ ಇದೆ ಅಂದರೆ ಕಿಂಗ್ ಪಿನ್, ಅದರ ಕೆಳಗೆ ಭಾರ ಹೊರುವ ಥ್ರಸ್ಟ್ ಬೇರಿಂಗ್ ಅಥವಾ ಎರಡೂ ಚಕ್ರಗಳನ್ನು ಜೋಡಿಸುವ ಟೈ ರಾಡಿನ ತುದಿಗಳ ತಪ್ಪು. ಚಕ್ರಗಳು ಹಗುರ, ಸ್ಟೀರಿಂಗೇ ಬಿಗಿ ಅಂದರೆ ಬಾಕ್ಸ್ ಅಥವಾ ಕಾಲಮ್ಮಿನ ಬುಷ್. ಹಳೆಯ ಬಾಕ್ಸಿನಲ್ಲಿ ಪ್ಲೇ ಬಂತು ಅಂತ ಯಾರೋ ಅಡ್ಜಸ್ಟಿಂಗ್ ಸ್ಕ್ರೂ ಅತಿಯಾಗಿ ಬಿಗಿ ಮಾಡಿರುತ್ತಾರೆ. ನಡುವಿನಲ್ಲಿ ಹಿಡಿದು, ಪಕ್ಕಕ್ಕೆ ಹೋದಂತೆ ಸಡಿಲವಾದರೆ ಅದೇ ಗುರುತು.

ಗ್ರೀಸಿನ ವಿಷಯದಲ್ಲಿ ಒಂದು ಮಾತು, ಯಾಕೆಂದರೆ ಇಲ್ಲಿ ಅನುಭವಸ್ಥರೂ ತಪ್ಪುತ್ತಾರೆ. ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯುವಾಗ ಚಕ್ರ ನೆಲದ ಮೇಲಿದ್ದರೆ, ಲಾರಿಯ ಮುಂಭಾಗದ ಭಾರ ಥ್ರಸ್ಟ್ ಬೇರಿಂಗನ್ನು ಅದುಮಿ ಹಿಡಿದಿರುತ್ತದೆ. ಗ್ರೀಸ್ ಬುಷ್‌ಗೆ ಹೋಗುತ್ತದೆ, ಭಾರ ಹೊರುವ ಜಾಗಕ್ಕೇ ಹೋಗುವುದಿಲ್ಲ. ಆಕ್ಸಲ್ ಎತ್ತಿ, ಭಾರ ಇಳಿಸಿ, ಚಕ್ರವನ್ನು ಆಚೀಚೆ ತಿರುಗಿಸುತ್ತಾ ಹಳೆಯ ಕಪ್ಪು ಗ್ರೀಸ್ ಹೊರಗೆ ಬರುವ ತನಕ ಹೊಡೆಯಿರಿ. ಇಷ್ಟರಲ್ಲೇ ಸಮಾಧಾನಪಟ್ಟು ಪವರ್ ಸ್ಟೀರಿಂಗ್ ಆಸೆ ಬಿಟ್ಟವರನ್ನು ನಾನು ನೋಡಿದ್ದೇನೆ. ನೀವೂ ಬಿಡುತ್ತೀರಿ ಅಂತ ಹೇಳಲಾರೆ. ಆಪರೇಷನ್ ಆದ ಭುಜಕ್ಕೆ ಸರಿಯಾಗಿರುವ ಮ್ಯಾನ್ಯುವಲ್ ಸ್ಟೀರಿಂಗ್ ಕೂಡ ಭಾರವೇ.

ಎಷ್ಟು ಬಲ ಬೇಕು?

ಮುಂದಿನ ಆಕ್ಸಲ್ ಮೇಲೆ ಸುಮಾರು 4.5 ಟನ್, ಗಾಳಿ 7 ಬಾರ್ ಅಂತ ಹಿಡಿದು ಲೆಕ್ಕ ಹಾಕೋಣ. ಒರಟಾದ ಒಣ ನೆಲದಲ್ಲಿ ಎರಡೂ ಚಕ್ರ ನಿಂತಲ್ಲೇ ತಿರುಗಬೇಕಾದರೆ ಕಿಂಗ್ ಪಿನ್ನಿನ ಸುತ್ತ ಸುಮಾರು 1,800 ನ್ಯೂಟನ್-ಮೀಟರ್ ತಿರುಚು ಬಲ ಬೇಕು. ಚಕ್ರವನ್ನು ತಿರುಗಿಸುವ, ಆಕ್ಸಲಿನ ಸ್ಟೀರಿಂಗ್ ಆರ್ಮ್ 20 ಸೆಂ.ಮೀ. ಉದ್ದ ಇದ್ದರೆ ಡ್ರ್ಯಾಗ್ ಲಿಂಕ್ ತಳ್ಳಬೇಕಾದದ್ದು ಸುಮಾರು 900 ಕೆಜಿ ಬಲದಿಂದ. ಬಾಕ್ಸಿನ ಅನುಪಾತ 28ಕ್ಕೆ 1 (ಸ್ಟೀರಿಂಗ್ 28 ಡಿಗ್ರಿ ತಿರುಗಿದರೆ ಬಾಕ್ಸಿನ ಆರ್ಮ್ 1 ಡಿಗ್ರಿ) ಅಂತಿಟ್ಟುಕೊಳ್ಳಿ, ಉಜ್ಜಾಟದಲ್ಲಿ ಹೋಗುವುದನ್ನು ಕಳೆಯಿರಿ. 50 ಸೆಂ.ಮೀ. ಅಗಲದ ಸ್ಟೀರಿಂಗ್ ವೀಲಿನ ಅಂಚಿನಲ್ಲಿ ಸುಮಾರು 38 ಕೆಜಿ ಎಳೆಯಬೇಕಾಗುತ್ತದೆ. ನೀವು ಸೀಟಿನಿಂದ ಏಳುವುದು ಸುಮ್ಮನೆ ಅಲ್ಲ!

ಈ ಅಂಕಿಗಳು ಅಂದಾಜು. ನಿಮ್ಮ ಲಾರಿಯ ಆರ್ಮ್ ಉದ್ದ, ಬಾಕ್ಸಿನ ಅನುಪಾತ ಅಳೆದು ನೋಡಿದರೆ ಸ್ವಲ್ಪ ಆಚೀಚೆ ಆಗುತ್ತವೆ. ಆದರೂ ಯಾರಾದರೂ ಒಂದು ಪಂಪೋ ಮೋಟಾರೋ ತಂದು ಮುಂದಿಟ್ಟಾಗ ಕೇಳಬೇಕಾದ ಪ್ರಶ್ನೆ ಇದರಿಂದ ಗೊತ್ತಾಗುತ್ತದೆ: ಡ್ರ್ಯಾಗ್ ಲಿಂಕಿನಲ್ಲಿ ಒಂದು ಟನ್ನಿನಷ್ಟು ಬಲ ಎಲ್ಲಿಂದ ಬರುತ್ತದೆ, ಯಾವ ಯಾವ ಭಾಗದ ಮೂಲಕ ಹಾದುಹೋಗುತ್ತದೆ?

ಕಾಲಮ್ಮಿನ ಎಲೆಕ್ಟ್ರಿಕ್ ಮೋಟಾರ್ ಸೋಲುವುದು ಇಲ್ಲೇ. ಕಾರಿನಿಂದ ತೆಗೆದ ಮೋಟಾರ್ ಕಾರಿನ ಹಗುರ ಆಕ್ಸಲ್‌ಗೆ ಮಾಡಿದ್ದು. ಅದನ್ನು ಕಾಲಮ್ಮಿಗೆ ಕೂರಿಸಿದರೆ ಪೂರ್ತಿ ಬಲ ಹಳೆಯ ಕಾಲಮ್, ಅದರ ಜಾಯಿಂಟ್, ಹಳೆಯ ಬಾಕ್ಸಿನ ಹಲ್ಲುಗಳ ಮೂಲಕವೇ ಹೋಗಬೇಕು. ಆ ಬಾಕ್ಸನ್ನು ಮನುಷ್ಯನ ತೋಳಿನ ಶಕ್ತಿ ನೋಡಿ ಮಾಡಿದ್ದಾರೆ. ತೋಳು ಸುಸ್ತಾಗಿ ನಿಲ್ಲುತ್ತದೆ, ಮೋಟಾರ್ ನಿಲ್ಲುವುದಿಲ್ಲ. ಚಿಕ್ಕ ವ್ಯಾನುಗಳಲ್ಲಿ ಇದು ಸರಿಹೋಗಬಹುದು. 4.5 ಟನ್ ಹೊರುವ ಆಕ್ಸಲ್‌ಗೆ ನಾನು ಬೇಡ ಅನ್ನುತ್ತೇನೆ.

ಕಾರಿನ ಪಂಪಿನ ವಿಷಯ ಸ್ವಲ್ಪ ಬೇರೆ. ಪಂಪಿನಲ್ಲಿ ಎರಡು ಲೆಕ್ಕ ನೋಡಬೇಕು. ಒತ್ತಡ ಎಷ್ಟು, ನಿಮಿಷಕ್ಕೆ ಎಷ್ಟು ಲೀಟರ್ ಆಯಿಲ್. ಒತ್ತಡ ಬಲವನ್ನು ಕೊಡುತ್ತದೆ, ಲೀಟರ್ ವೇಗವನ್ನು ಕೊಡುತ್ತದೆ. ಭಾರಿ ಲಾರಿಯ ಪವರ್ ಸ್ಟೀರಿಂಗ್ ಬಾಕ್ಸಿನೊಳಗೆ ದೊಡ್ಡ ಪಿಸ್ಟನ್ ಇರುತ್ತದೆ. ಅದನ್ನು ತುಂಬಲು ನಿಮಿಷಕ್ಕೆ 12ರಿಂದ 16 ಲೀಟರ್ ಬೇಕಾಗುವುದು ಸಾಮಾನ್ಯ, ಒತ್ತಡ 100ರಿಂದ 150 ಬಾರ್. ಕಾರಿನ ಪಂಪ್ ಲೀಟರಿನಲ್ಲಿ ಹಿಂದೆ, ಎಷ್ಟೋ ಸಲ ಒತ್ತಡದಲ್ಲೂ. ನಿಧಾನಕ್ಕೆ ತಿರುಗಿಸಿದರೆ ಎಲ್ಲಾ ಸರಿ ಇದೆ ಅನಿಸುತ್ತದೆ. ಬೇಗ ತಿರುಗಿಸಿದಾಗ ಆಯಿಲ್ ಸಾಲದೆ ಸ್ಟೀರಿಂಗ್ ಇದ್ದಕ್ಕಿದ್ದ ಹಾಗೆ ಕಲ್ಲಾಗುತ್ತದೆ. ನಿಮಗೆ ಪವರ್ ಅತಿ ಹೆಚ್ಚು ಬೇಕಾದ ಗಳಿಗೆ ಅದೇ, ಅಲ್ವಾ? ಇನ್ನೊಂದು ತೊಂದರೆ ಎಂಜಿನ್ ವೇಗ. ಕಾರಿನ ಎಂಜಿನ್ ಓಡುವ ವೇಗಕ್ಕೂ ಹಳೆಯ ಡೀಸೆಲ್ ಲಾರಿಯ ಐಡಲಿಂಗ್ ವೇಗಕ್ಕೂ ಹೋಲಿಕೆ ಇಲ್ಲ. ಒಂದು ಸುತ್ತಿಗೆ 16 ಸಿಸಿ ಕೊಡುವ ಪಂಪ್ ನಿಮಿಷಕ್ಕೆ 600 ಸುತ್ತಿನಲ್ಲಿ ಕೊಡುವುದು 9.6 ಲೀಟರ್, ಅದೂ ಸೋರಿಕೆ ಇಲ್ಲದಿದ್ದರೆ. ಆದ್ದರಿಂದ ಪಂಪಿನ ಅಳತೆಯನ್ನು ಯಾವಾಗಲೂ ಐಡಲಿಂಗಿನಲ್ಲಿ ಲೆಕ್ಕ ಹಾಕಬೇಕು.

ಟ್ರ್ಯಾಕ್ಟರಿನ ಹೈಡ್ರಾಲಿಕ್ ಸ್ಟೀರಿಂಗನ್ನು ತಳ್ಳಿಹಾಕಲು ಒಂದೇ ಕಾರಣ ಸಾಕು. ಅದರಲ್ಲಿ ಸ್ಟೀರಿಂಗ್ ವೀಲಿಗೂ ಚಕ್ರಕ್ಕೂ ನಡುವೆ ಕಬ್ಬಿಣದ ಸಂಬಂಧವೇ ಇಲ್ಲ, ಇರುವುದು ಆಯಿಲ್ ಮಾತ್ರ. ಹೋಸ್ ಒಡೆದರೆ ಸ್ಟೀರಿಂಗ್ ಇಲ್ಲ. ಹೊಲದಲ್ಲಿ ನಿಧಾನಕ್ಕೆ ಓಡುವ ಯಂತ್ರಕ್ಕೆ ಅದು ಒಳ್ಳೆಯದು. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವ ಗುಣವೂ ಅದರಲ್ಲಿ ಸರಿಯಾಗಿ ಇರುವುದಿಲ್ಲ. ರಸ್ತೆಯ ವೇಗದಲ್ಲಿ ಓಡುವ ಲಾರಿಗೆ ಅದನ್ನು ಹಾಕಬೇಡಿ. ಬಹಳ ಕಡೆ ಕಾನೂನು ಕೂಡ ಒಪ್ಪುವುದಿಲ್ಲ.

ಎಂಜಿನ್ ಆಫ್ ಆದರೆ?

ಈಗ ಗೆಳೆಯನ ಮಾತು. ಲಾರಿಗಳಿಗೆ ಮಾಡಿದ ಪವರ್ ಸ್ಟೀರಿಂಗ್ ಬಾಕ್ಸಿನಲ್ಲಿ ಸ್ಟೀರಿಂಗಿನಿಂದ ಚಕ್ರದ ತನಕ ಗೇರುಗಳ ಸಂಬಂಧ ಹಾಗೇ ಇರುತ್ತದೆ. ಆಯಿಲ್ ಅದಕ್ಕೆ ಕೈಜೋಡಿಸುತ್ತದೆ ಅಷ್ಟೆ. ಪಂಪ್ ನಿಂತರೂ ಲಾರಿ ನಿಮ್ಮ ಕೈಯಲ್ಲೇ ಇರುತ್ತದೆ. ಸ್ಟೀರಿಂಗೇ ಹೋಗುತ್ತದೆ ಅನ್ನುವುದು ತಪ್ಪು.

ಆದರೆ ಪವರ್ ಬಾಕ್ಸುಗಳ ಅನುಪಾತ ಮ್ಯಾನ್ಯುವಲ್‌ಗಿಂತ ಚಿಕ್ಕದು. ಮ್ಯಾನ್ಯುವಲ್‌ನಲ್ಲಿ 28ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಇದ್ದರೆ ಪವರ್‌ನಲ್ಲಿ 20ರ ಆಸುಪಾಸು. ಮೇಲಿನ ಲೆಕ್ಕದಲ್ಲಿ 38 ಕೆಜಿ ಬಂದಿತ್ತಲ್ಲ, ಪವರ್ ಕೈಕೊಟ್ಟಾಗ ಅದೇ ಕೆಲಸಕ್ಕೆ 50 ಕೆಜಿ ಮೀರುತ್ತದೆ. ಒಳಗಿನ ಆಯಿಲ್ಲನ್ನೂ ಕೈಯಿಂದಲೇ ತಳ್ಳಬೇಕು. ಅಂದರೆ ಪವರ್ ಹೋದ ಪವರ್ ಸ್ಟೀರಿಂಗ್ ನಿಮ್ಮ ಈಗಿನ ಸ್ಟೀರಿಂಗಿಗಿಂತ ಭಾರ. ಲಾರಿ ಓಡುತ್ತಿರುವಾಗ ಇಷ್ಟೆಲ್ಲಾ ಬಲ ಬೇಕಾಗುವುದಿಲ್ಲ ನಿಜ, ಆದರೆ ಇಳಿಜಾರಿನ ತಿರುವಿನಲ್ಲಿ ಇದ್ದಕ್ಕಿದ್ದಂತೆ ಬಿಗಿಯಾದರೆ ಗಾಬರಿಯಾಗುವುದು ಸಹಜ. ವಿಶ್ವಸಂಸ್ಥೆಯ 79ನೇ ವಾಹನ ನಿಯಮ ಇದಕ್ಕೆ ಒಂದು ಮಿತಿ ಹಾಕಿದೆ. ಭಾರಿ ಲಾರಿಯ ಪವರ್ ಕೆಟ್ಟಾಗ ಗಂಟೆಗೆ 10 ಕಿ.ಮೀ. ವೇಗದಲ್ಲಿ 20 ಮೀಟರ್ ತ್ರಿಜ್ಯದ ತಿರುವಿಗೆ ಬರಲು ಸ್ಟೀರಿಂಗಿನ ಮೇಲೆ 450 ನ್ಯೂಟನ್, ಅಂದರೆ ಸುಮಾರು 46 ಕೆಜಿಗಿಂತ ಹೆಚ್ಚು ಬಲ ಬೇಕಾಗಬಾರದು. ನಿಮ್ಮ ಭುಜಕ್ಕೆ ಅದೇ ಜಾಸ್ತಿ. ಹಾಗಾಗಿ ಕೆಲಸ ಮುಗಿದ ಮೇಲೆ ಖಾಲಿ ಬಯಲಿನಲ್ಲಿ ಪಂಪಿನ ಬೆಲ್ಟ್ ತೆಗೆದು, ನಡಿಗೆಯ ವೇಗದಲ್ಲಿ ಒಮ್ಮೆ ಓಡಿಸಿ ನೋಡಿ. ಬ್ರೇಕಿನ ಏರ್ ಕಂಪ್ರೆಸರ್ ಅದೇ ಬೆಲ್ಟಿನಲ್ಲಿ ಓಡುತ್ತಿದ್ದರೆ ಈ ಪರೀಕ್ಷೆ ಬೇಡ. ಪವರ್ ಹೋದಾಗ ಹೇಗಿರುತ್ತದೆ ಅಂತ ಕೈಗೆ ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ.

ಎಂಜಿನ್ ಶಕ್ತಿ ತಿನ್ನುತ್ತದೆ ಅನ್ನುವ ಮಾತೂ ಕೇಳಿಬರುತ್ತದೆ. ನಿಮಿಷಕ್ಕೆ 12 ಲೀಟರ್ ಆಯಿಲ್ 100 ಬಾರ್ ಒತ್ತಡದಲ್ಲಿ ಹರಿದರೆ ಅದು 2 ಕಿಲೋವ್ಯಾಟ್, ಮೂರು ಕುದುರೆ ಶಕ್ತಿಯೂ ಇಲ್ಲ. ಅದೂ ಪೂರ್ತಿ ಬಿಗಿಯಲ್ಲಿ ತಿರುಗಿಸುವಾಗ ಮಾತ್ರ. ನೇರ ಹೋಗುವಾಗ ವಾಲ್ವ್ ತೆರೆದಿರುತ್ತದೆ, ಆಯಿಲ್ ಸುಮ್ನೆ ಸುತ್ತುತ್ತಿರುತ್ತದೆ. ಈ ತೆರೆದ ವಾಲ್ವಿನ ಉಪಾಯ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್‌ದು. ಅವರು ಪಿಯರ್ಸ್-ಆರೋ ಕಂಪನಿಯ ಟ್ರಕ್ ವಿಭಾಗದಲ್ಲಿದ್ದವರು. 1926ರಲ್ಲಿ ಇದನ್ನು ಕಾರಿನಲ್ಲಿ ಓಡಿಸಿ ತೋರಿಸಿದರೂ, ಮಾರಾಟದ ಕಾರಿನಲ್ಲಿ ಪವರ್ ಸ್ಟೀರಿಂಗ್ ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಲಾರಿ ಸ್ಟೀರಿಂಗಿನ ಕಷ್ಟ ಕಂಡವರೇ ಇದಕ್ಕೆ ದಾರಿ ಹುಡುಕಿದ್ದು ನನಗೇನೂ ಆಶ್ಚರ್ಯದ ಸಂಗತಿಯಲ್ಲ.

ಹಾಗಾದರೆ ಯಾವುದು?

ನನ್ನ ಮೊದಲ ಆಯ್ಕೆ: ನಿಮ್ಮ ಲಾರಿಯ ಕಂಪನಿಯೇ ಅದೇ ಮಾದರಿಗೆ, ಅಥವಾ ಅದರ ನಂತರದ ಮಾದರಿಗೆ ಕೊಟ್ಟ ಪವರ್ ಸ್ಟೀರಿಂಗ್. ಬಹಳ ಹಳೆಯ ಲಾರಿಗಳಿಗೆ ಅದು ಬೇಕಾದವರು ಮಾತ್ರ ಕೇಳಿ ಹಾಕಿಸಿಕೊಳ್ಳುವ ಸೌಲಭ್ಯವಾಗಿತ್ತು. ಹಳೆಯ ಪಾರ್ಟ್ಸ್ ಪುಸ್ತಕ ಸಿಕ್ಕರೆ ಸ್ಟೀರಿಂಗಿನ ಪುಟಗಳನ್ನು ಒಂದೊಂದಾಗಿ ನೋಡಿ. ಬರೀ ಬಾಕ್ಸ್ ತಂದರೆ ಸಾಲದು. ಬಾಕ್ಸ್, ಅದನ್ನು ಚಾಸಿಗೆ ಹಿಡಿಯುವ ಬ್ರ್ಯಾಕೆಟ್, ಬಾಕ್ಸಿನಿಂದ ಡ್ರ್ಯಾಗ್ ಲಿಂಕನ್ನು ತಳ್ಳುವ ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಪಂಪ್, ಪಂಪಿನ ಬ್ರ್ಯಾಕೆಟ್, ಆಯಿಲ್ ಟ್ಯಾಂಕ್ ಇಷ್ಟೂ ಒಂದೇ ಲಾರಿಯಿಂದ ಬರಬೇಕು. ಕೆಲವು ಎಂಜಿನ್‌ಗಳಲ್ಲಿ ಪಂಪ್ ಏರ್ ಕಂಪ್ರೆಸರಿನ ಹಿಂಬದಿಯಿಂದ ಓಡುತ್ತದೆ. ಹಾಗಿದ್ದರೆ ಕಂಪ್ರೆಸರನ್ನೂ ತನ್ನಿ, ಬೆಲ್ಟಿನ ತಲೆನೋವು ತಪ್ಪುತ್ತದೆ.

ಬೇರೆ ಕಂಪನಿಯ ಬಾಕ್ಸ್ ಕೂರಿಸುವವರೂ ಇದ್ದಾರೆ. ಪಳಗಿದವರ ಕೈಯಲ್ಲಿ ಆಗುತ್ತದೆ. ಆದರೆ ಮೂರು ಕಡೆ ಎಡವುತ್ತಾರೆ. ಬಾಕ್ಸ್ ಯಾವ ಕಡೆಗೆ ತಿರುಗುತ್ತದೆ ಅನ್ನುವುದು ಒಂದು. ಎಡಗಡೆ ಸ್ಟೀರಿಂಗಿನ ಲಾರಿಯ ಬಾಕ್ಸನ್ನು ಬಲಗಡೆಗೆ ತಿರುಗಿಸಿ ಕೂರಿಸಿ, ಆಮೇಲೆ ಬಲಕ್ಕೆ ತಿರುಗಿಸಿದರೆ ಚಕ್ರ ಎಡಕ್ಕೆ ಹೋಗುವುದನ್ನು ನೋಡಿ ತಲೆ ಮೇಲೆ ಕೈ ಹೊತ್ತವರು ನಿಜಕ್ಕೂ ಇದ್ದಾರೆ. ಎರಡನೆಯದು ಡ್ರಾಪ್ ಆರ್ಮಿನ ಸ್ಪ್ಲೈನ್, ಅಂದರೆ ಬಾಕ್ಸಿನ ಶಾಫ್ಟಿಗೆ ಹಿಡಿದು ಕೂರುವ ಹಲ್ಲುಗಳು. ಅಳತೆ ಹೊಂದದಿದ್ದರೆ ಎರಡು ಆರ್ಮ್ ಕತ್ತರಿಸಿ ವೆಲ್ಡ್ ಮಾಡೋಣ ಅನ್ನುವವರು ಸಿಗುತ್ತಾರೆ. ಅಂಥವರ ಗ್ಯಾರೇಜಿನಿಂದ ಲಾರಿ ಹೊರಗೆ ತೆಗೆಯಿರಿ. ಡ್ರಾಪ್ ಆರ್ಮ್, ಸ್ಟೀರಿಂಗ್ ಆರ್ಮ್, ಡ್ರ್ಯಾಗ್ ಲಿಂಕ್, ಇವು ಫೋರ್ಜ್ ಮಾಡಿ ಹದ ಕೊಟ್ಟ ಉಕ್ಕು. ಬೆಂಕಿ ತೋರಿಸಿ ಬಗ್ಗಿಸುವುದು, ಬೆಸೆಯುವುದು ಎರಡೂ ಸಲ್ಲದು. ಮುರಿದರೆ ಲಾರಿಗೆ ಸ್ಟೀರಿಂಗೇ ಇರುವುದಿಲ್ಲ.

ಮೂರನೆಯದು ಡ್ರ್ಯಾಗ್ ಲಿಂಕಿನ ಜಾಗ. ಸ್ಪ್ರಿಂಗ್ ಮೇಲೆ ಕೆಳಗೆ ಆಡುವಾಗ ಆಕ್ಸಲ್ ನೇರ ಗೆರೆಯಲ್ಲಿ ಆಡುವುದಿಲ್ಲ, ಸ್ಪ್ರಿಂಗಿನ ಗಟ್ಟಿ ಕಣ್ಣನ್ನು (ಚಾಸಿಗೆ ಸರಿಯದ ಹಾಗೆ ಪಿನ್ ಹಾಕಿದ ತುದಿ) ಕೇಂದ್ರ ಮಾಡಿಕೊಂಡು ಕಮಾನಿನ ಹಾಗೆ ಚಲಿಸುತ್ತದೆ. ಡ್ರ್ಯಾಗ್ ಲಿಂಕ್ ಕೂಡ ಹೆಚ್ಚುಕಡಿಮೆ ಅದೇ ಕಮಾನಿನಲ್ಲಿ ಚಲಿಸಬೇಕು. ಅದಕ್ಕಾಗಿಯೇ ಡ್ರಾಪ್ ಆರ್ಮಿನ ಬಾಲ್ ಜಾಯಿಂಟನ್ನು ಸ್ಪ್ರಿಂಗಿನ ಗಟ್ಟಿ ಕಣ್ಣಿನ ಹತ್ತಿರದಲ್ಲೇ ಇಟ್ಟಿರುತ್ತಾರೆ. ಬಾಕ್ಸನ್ನು ಜಾಗ ಸಿಕ್ಕ ಕಡೆ ಕೂರಿಸಿದರೆ ಎರಡು ಕಮಾನು ಬೇರೆಯಾಗುತ್ತವೆ. ಆಗ ಪ್ರತಿ ಗುಂಡಿಗೂ ಲಾರಿ ತಾನಾಗಿ ಒಂದು ಕಡೆಗೆ ಎಳೆಯುತ್ತದೆ. ಬ್ರೇಕ್ ಹಾಕಿ ಮುಂಭಾಗ ಕುಸಿದಾಗಲೂ ಎಳೆಯುತ್ತದೆ. ಪವರ್ ಸ್ಟೀರಿಂಗಿನ ದೋಷ ಅಂದುಕೊಂಡು ಪಂಪ್ ಬದಲಿಸುತ್ತಾ ಕೂತರೆ ಇದು ಹೋಗುವುದಿಲ್ಲ.

ಸರಿಯಾದ ಬಾಕ್ಸ್ ಸಿಗದಿದ್ದರೆ ಎರಡನೆಯ ದಾರಿ ಇದೆ. ಹಳೆಯ ಮ್ಯಾನ್ಯುವಲ್ ಬಾಕ್ಸನ್ನು ಹಾಗೇ ಬಿಟ್ಟು, ಒಂದು ಹೈಡ್ರಾಲಿಕ್ ಸಿಲಿಂಡರಿನ ಒಂದು ತುದಿಯನ್ನು ಆಕ್ಸಲ್‌ಗೂ ಇನ್ನೊಂದನ್ನು ಟೈ ರಾಡಿಗೂ ಕಟ್ಟುವುದು. ಡ್ರ್ಯಾಗ್ ಲಿಂಕಿನ ತುದಿಯ ಬಾಲ್ ಜಾಯಿಂಟಿನೊಳಗೆ ಒಂದು ವಾಲ್ವ್ ಇರುತ್ತದೆ. ನೀವು ಸ್ಟೀರಿಂಗ್ ತಿರುಗಿಸಿದಾಗ ಬಾಲ್ ಸ್ವಲ್ಪ ಸರಿಯುತ್ತದೆ, ವಾಲ್ವ್ ಆಯಿಲ್ಲನ್ನು ಸಿಲಿಂಡರಿಗೆ ಕಳಿಸುತ್ತದೆ, ಸಿಲಿಂಡರ್ ಚಕ್ರವನ್ನು ತಳ್ಳುತ್ತದೆ. ಬಲ ಹಳೆಯ ಬಾಕ್ಸಿನ ಮೂಲಕ ಹಾದುಹೋಗುವುದಿಲ್ಲ, ಅದೇ ಇದರ ದೊಡ್ಡ ಗುಣ. ಪವರ್ ಹೋದರೆ ನಿಮ್ಮ ಹಳೆಯ ಅನುಪಾತವೇ ಕೈಯಲ್ಲಿರುತ್ತದೆ. ಇಷ್ಟು ದಿನ ಓಡಿಸಿದ ಭಾರಕ್ಕಿಂತ ಬಹಳ ಹೆಚ್ಚೇನೂ ಆಗುವುದಿಲ್ಲ. ಕೊರತೆ ಏನೆಂದರೆ ಸುತ್ತುಗಳು ಕಡಿಮೆಯಾಗುವುದಿಲ್ಲ. ಆರು ಸುತ್ತು ಇದ್ದರೆ ಆರೂ ತಿರುಗಿಸಬೇಕು, ಹಗುರವಾಗಿ. ವಾಲ್ವಿನ ಸ್ಪ್ರಿಂಗ್ ಸಡಿಲವಾದರೆ ಲಾರಿ ನೇರ ರಸ್ತೆಯಲ್ಲಿ ಅಲೆಯಲು ಶುರುಮಾಡುತ್ತದೆ.

ಸಿಲಿಂಡರಿನ ಅಳತೆಯನ್ನೂ ನೋಡೋಣ. ಒಳವ್ಯಾಸ 50 ಮಿ.ಮೀ., ರಾಡ್ 20 ಮಿ.ಮೀ. ಅಂದರೆ ಎಳೆಯುವ ಕಡೆಗೆ ಸಿಗುವ ವಿಸ್ತೀರ್ಣ ಸುಮಾರು 16.5 ಚದರ ಸೆಂ.ಮೀ. 70 ಬಾರ್‌ನಲ್ಲಿ ಅದು 1,150 ಕೆಜಿಗಿಂತ ಹೆಚ್ಚು ಬಲ ಕೊಡುತ್ತದೆ. ನಮಗೆ ಬೇಕಾದದ್ದು 900. ಸಾಕಲ್ಲ! ಅದನ್ನೇ 150 ಬಾರ್‌ಗೆ ಏರಿಸಿದರೆ ಎರಡೂವರೆ ಟನ್ ಎಳೆಯುತ್ತದೆ. ಚಕ್ರ ಕಲ್ಲಿಗೆ ಸಿಕ್ಕಿಕೊಂಡಾಗ ಆ ಎರಡೂವರೆ ಟನ್ ಹೋಗುವುದು ನಲವತ್ತು ವರ್ಷದ ಟೈ ರಾಡಿಗೆ. ಜಾಸ್ತಿ ಒತ್ತಡ ಇದ್ದರೆ ಒಳ್ಳೆಯದು ಅಂತ, ಒತ್ತಡಕ್ಕೆ ಮಿತಿ ಹಾಕುವ ರಿಲೀಫ್ ವಾಲ್ವನ್ನು ಬಿಗಿ ಮಾಡಿಸಬೇಡಿ. ಪ್ರೆಶರ್ ಗೇಜ್ ಹಾಕಿ ಅಳೆದು ಸೆಟ್ ಮಾಡಿಸಿ.

ಬ್ರೇಕಿನ ಗಾಳಿಯಿಂದ ಓಡುವ ಏರ್ ಸಿಲಿಂಡರ್ ಕೂಡ ಹಿಂದೆ ಲಾರಿಗಳಿಗೆ ಬರುತ್ತಿತ್ತು. ಪಂಪ್ ಬೇಡ, ಆಯಿಲ್ ಬೇಡ ಅಂತ ಆಸೆಯಾಗುತ್ತದೆ. ಆದರೆ ಗಾಳಿ ಕುಗ್ಗುತ್ತದೆ. ಸೈಕಲ್ ಪಂಪಿನ ಬಾಯಿ ಮುಚ್ಚಿ ಒತ್ತಿದಾಗ ಪುಟಿಯುತ್ತದಲ್ಲ, ಸ್ಟೀರಿಂಗಿನಲ್ಲೂ ಅದೇ ತಡವರಿಕೆ ಇರುತ್ತದೆ. ಬ್ರೇಕಿನ ಗಾಳಿ ಒಂದು ಮಟ್ಟಕ್ಕಿಂತ ಇಳಿದರೆ ಸ್ಟೀರಿಂಗಿಗೆ ಹೋಗುವ ಗಾಳಿಯನ್ನು ಕಡಿಯುವ ವಾಲ್ವ್ ಇಲ್ಲದೆ ಇದನ್ನು ಹಾಕುವುದು ಅಪಾಯ. ನಾನಾಗಿದ್ದರೆ ಆಯಿಲ್ ಕಡೆಗೇ ಹೋಗುತ್ತೇನೆ.

ಯಾವ ದಾರಿ ಹಿಡಿದರೂ ಚಾಸಿಯನ್ನು ನೋಡದೆ ಮುಂದೆ ಹೋಗಬೇಡಿ. ಬಾಕ್ಸ್ ಡ್ರ್ಯಾಗ್ ಲಿಂಕನ್ನು ಒಂದು ಟನ್ನಿನಿಂದ ತಳ್ಳಿದರೆ ಚಾಸಿಯನ್ನೂ ಅಷ್ಟೇ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಬಾಕ್ಸಿನ ಬೋಲ್ಟ್ ತೂತುಗಳ ಸುತ್ತ ಬಣ್ಣ ಕೆರೆದು ಬಿರುಕು ಇದೆಯೇ ಅಂತ ನೋಡಿ. ಎಂಜಿನ್ ಓಡುತ್ತಿರುವಾಗ ಒಬ್ಬರು ಸ್ಟೀರಿಂಗ್ ಆಡಿಸಲಿ, ಇನ್ನೊಬ್ಬರು ದೂರದಿಂದ ನೋಡಲಿ. ಬಾಕ್ಸ್ ಚಾಸಿಯ ಜೊತೆ ಉಸಿರಾಡಿದ ಹಾಗೆ ಅಲುಗಿದರೆ ಒಳಗಿನಿಂದ ಬಲಪಟ್ಟಿ ಬೇಕು. ಬೋಲ್ಟುಗಳು 10.9 ದರ್ಜೆಯವಾಗಿರಲಿ (ಹೆಚ್ಚು ಗಟ್ಟಿ ಬೋಲ್ಟಿನ ಗುರುತು).

ಕೂರಿಸಿದ ಮೇಲೆ

ಹೊಸ ಸ್ಟೀರಿಂಗ್ ಹಗುರವಾಗಿದೆ, ಆದರೆ ತಿರುವಿನ ನಂತರ ತಾನಾಗಿ ನೇರಕ್ಕೆ ಬರುತ್ತಿಲ್ಲ ಅಂತ ಬಹಳ ಜನ ವಾಪಸ್ ಬರುತ್ತಾರೆ. ಕಾರಣ ಕ್ಯಾಸ್ಟರ್, ಅಂದರೆ ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ವಾಲಿರುವ ಕೋನ. ಮ್ಯಾನ್ಯುವಲ್ ಲಾರಿಯಲ್ಲಿ ಬಿಗಿ ಕಡಿಮೆ ಮಾಡಲು ಇದನ್ನು ಕಡಿಮೆ ಇಟ್ಟಿರುತ್ತಾರೆ. ಪವರ್ ಇರುವ ಲಾರಿಗೆ ಸ್ವಲ್ಪ ಹೆಚ್ಚು ಬೇಕು. ಸ್ಪ್ರಿಂಗಿಗೂ ಆಕ್ಸಲ್‌ಗೂ ನಡುವೆ ಓರೆ ಪಟ್ಟಿ ಇಟ್ಟು ಇದನ್ನು ಸರಿಮಾಡುತ್ತಾರೆ. ಅಲೈನ್‌ಮೆಂಟ್ ಯಂತ್ರದಲ್ಲಿ ಅಳೆದೇ ಮಾಡಿಸಿ, ಕಣ್ಣಂದಾಜು ಬೇಡ.

ಫುಲ್ ಕಟ್‌ನಲ್ಲಿ, ಅಂದರೆ ಚಕ್ರ ಪೂರ್ತಿ ತಿರುಗಿದ ತುದಿಯಲ್ಲಿ, ಸ್ಟೀರಿಂಗನ್ನು ಒತ್ತಿ ಹಿಡಿಯಬೇಡಿ. ಆಗ ಪಂಪಿನ ಶಕ್ತಿ ಪೂರ್ತಿ ಬಿಸಿಯಾಗಿ ಆಯಿಲ್ಲಿಗೆ ಹೋಗುತ್ತದೆ. ಐದು ಸೆಕೆಂಡ್ ಮೀರಬಾರದು. ಒಳ್ಳೆಯ ಲಾರಿ ಬಾಕ್ಸುಗಳಲ್ಲಿ ಚಕ್ರ ಕೊನೆ ಮುಟ್ಟುವ ಸ್ವಲ್ಪ ಮುಂಚೆ ಒತ್ತಡ ಬಿಡುವ ವ್ಯವಸ್ಥೆ ಇರುತ್ತದೆ. ದೊಡ್ಡ ಟೈರಿಗೆ ತಕ್ಕಂತೆ, ಚಕ್ರದ ತಿರುವಿಗೆ ಮಿತಿ ಹಾಕುವ ಆಕ್ಸಲಿನ ಸ್ಟಾಪ್ ಬೋಲ್ಟ್ ಸರಿಮಾಡಿ, ಆಮೇಲೆ ಇದನ್ನೂ ಸೆಟ್ ಮಾಡಬೇಕು. ಟೈರ್ ಸ್ಪ್ರಿಂಗಿಗೆ ಉಜ್ಜುತ್ತಿದ್ದರೆ ಮೊದಲು ಅದನ್ನೇ ನೋಡಿ.

ಮೊದಲ ಸಲ ಆಯಿಲ್ ತುಂಬಿದಾಗ ಚಕ್ರ ಎತ್ತಿ, ಎಂಜಿನ್ ಆಫ್ ಇಟ್ಟು, ಸ್ಟೀರಿಂಗನ್ನು ಆ ತುದಿ ಈ ತುದಿ ತಿರುಗಿಸುತ್ತಾ ಗಾಳಿ ಹೊರಗೆ ಬಿಡಿ. ಟ್ಯಾಂಕಿನಲ್ಲಿ ನೊರೆ ಕಂಡರೆ ಗಾಳಿ ಇನ್ನೂ ಇದೆ. ಪಂಪನ್ನು ಒಣಗಿದ ಸ್ಥಿತಿಯಲ್ಲಿ ಓಡಿಸಬೇಡಿ. ಆಯಿಲ್ ಪಂಪ್ ಮತ್ತು ಬಾಕ್ಸ್ ಮಾಡಿದವರು ಹೇಳಿದ್ದೇ ಇರಲಿ, ಎರಡು ಬಗೆ ಬೆರೆಸಬೇಡಿ. ಹೋಸುಗಳು ಸೈಲೆನ್ಸರ್ ಪೈಪಿನಿಂದ ದೂರ ಇರಲಿ, ಬಿಸಿ ಪೈಪಿನ ಮೇಲೆ ಆಯಿಲ್ ಚಿಮ್ಮಿದರೆ ಬೆಂಕಿ. ಸೋರಿಕೆ ಹುಡುಕುವಾಗ ಕೈ ಒಡ್ಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆ ಒತ್ತಡದ ಆಯಿಲ್ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಕಾಗದಪತ್ರದ ಕೆಲಸ ಬೇಸರದ್ದು, ಆದರೆ ಬಿಡುವ ಹಾಗಿಲ್ಲ. ಸ್ಟೀರಿಂಗ್ ಬದಲಾವಣೆಗೆ ನಿಮ್ಮ ಕಡೆಯ ಸಾರಿಗೆ ಅಧಿಕಾರಿಗಳ ಒಪ್ಪಿಗೆ ಬೇಕೇ ಅಂತ ಕೆಲಸ ಶುರುಮಾಡುವ ಮುಂಚೆ ಕೇಳಿ, ವಿಮಾ ಕಂಪನಿಗೂ ಬರೆದು ತಿಳಿಸಿ. ಅದೇ ಮಾದರಿಗೆ ಕಂಪನಿಯೇ ಕೊಟ್ಟ ಸ್ಟೀರಿಂಗ್ ಅಂತ ಪಾರ್ಟ್ಸ್ ಪುಸ್ತಕದ ಪುಟ ತೋರಿಸಿದರೆ ಈ ಮಾತುಕತೆ ಸಲೀಸು.

ಇನ್ನು ಚಿಕ್ಕ ಸ್ಟೀರಿಂಗ್ ವೀಲ್. ಬೇಡ. ಪವರ್ ಇರುವಾಗ ಚಿಕ್ಕದೂ ಹಗುರವಾಗೇ ಇರುತ್ತದೆ, ನಿಜ. ಪವರ್ ಹೋದಾಗ ಮಾತ್ರ 50 ಸೆಂ.ಮೀ. ವೀಲಿನಲ್ಲಿ 50 ಕೆಜಿ ಬೇಕಾದದ್ದು 40 ಸೆಂ.ಮೀ. ವೀಲಿನಲ್ಲಿ 62 ಕೆಜಿ ದಾಟುತ್ತದೆ. ಈಗಿರುವ ದೊಡ್ಡದನ್ನೇ ಇಟ್ಟುಕೊಳ್ಳಿ. ಕಾಲಿಗೆ ತಗಲುತ್ತಿದೆ ಅನ್ನುವುದೇ ತೊಂದರೆಯಾದರೆ ಸೀಟನ್ನು ಸರಿಮಾಡಿಸಿ.